ಕೂತು ಮಾತಾಡುವುದು ಸರಿ, ಎಲ್ಲಿ ಕೂರುವುದು?



ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ನಮ್ಮಲ್ಲಿ ಗಾದೆ ಇದೆ. ಉಂಡು ಮಲಗಿದ ಮೇಲೂ ಮುಗಿಯದ ಜಗಳದ ಬಗ್ಗೆ ಆ ಗಾದೆ ಏನೂ ಹೇಳುವುದಿಲ್ಲ. ಇವತ್ತಿನ ನನ್ನ ಮಾತು ಅಂಥ ಮನೆಗಳವರಿಗಾಗಿ. ಇಬ್ಬರಲ್ಲಿ ಒಬ್ಬರು ಮನೆ ಬಿಟ್ಟು ಹೋಗಿದ್ದಾರೆ, ಇಲ್ಲವೆ ಒಂದೇ ಫ್ಲ್ಯಾಟಿನ ಎರಡು ಕೋಣೆಗಳಲ್ಲಿ ಬೇರೆಯಾಗಿ ಬದುಕುತ್ತಿದ್ದಾರೆ. ಊರಿನಿಂದ ಫೋನು ಬರುತ್ತದೆ. ಹುಬ್ಬಳ್ಳಿಯಿಂದ ಅಪ್ಪ, ಉಡುಪಿಯಿಂದ ಸೋದರಮಾವ, ಎಲ್ಲರದೂ ಒಂದೇ ಮಾತು: "ಕೋರ್ಟು ಕಚೇರಿ ಯಾಕೆ? ಕೂತು ಮಾತಾಡಿ ಬಗೆಹರಿಸಿಕೊಳ್ಳಿ."

ಸಲಹೆ ಒಳ್ಳೆಯದೇ. ಆದರೆ ಎಲ್ಲಿ ಕೂರಬೇಕು, ಯಾರ ಮುಂದೆ ಕೂರಬೇಕು, ಯಾವ ಭಾಷೆಯಲ್ಲಿ ಮಾತಾಡಬೇಕು, ಮಾತಾಡಿದ್ದು ಯಾರ ಕಿವಿಗೆ ಹೋಗುತ್ತದೆ ಎನ್ನುವುದನ್ನು ಯಾರೂ ಹೇಳುವುದಿಲ್ಲ. ಇವು ಸಣ್ಣ ವಿಷಯಗಳಲ್ಲ. ಅದೇ ಗಂಡ, ಅದೇ ಹೆಂಡತಿ, ಅದೇ ಜಗಳ. ಕೂರುವ ಜಾಗ ಬದಲಾದರೆ ಸಿಗುವ ಫಲವೂ ಬದಲಾಗುತ್ತದೆ. ಮಾತುಕತೆಗೆ ಇರುವ ದಾರಿಗಳು ಯಾವುವು, ನಿಮಗೆ ಹೊಂದುವುದನ್ನು ಆರಿಸಿಕೊಳ್ಳುವುದು ಹೇಗೆ ಎಂದು ಇವತ್ತು ನೋಡೋಣ.

ಮೊದಲು ಮಧ್ಯಸ್ಥಿಕೆ ಎಂದರೆ ಏನು ಎಂಬುದು ಸ್ಪಷ್ಟವಾಗಲಿ. ನ್ಯಾಯಾಧೀಶರು ತೀರ್ಪು ಕೊಡುತ್ತಾರೆ. ಪಂಚಾಯಿತಿಯ ಹಿರಿಯರೂ ತೀರ್ಮಾನ ಹೇಳುತ್ತಾರೆ. ಮಧ್ಯಸ್ಥರು ಮಾತ್ರ ತೀರ್ಮಾನ ಹೇಳುವುದಿಲ್ಲ, ನೀವಿಬ್ಬರೂ ತೀರ್ಮಾನಕ್ಕೆ ಬರಲು ನೆರವಾಗುತ್ತಾರೆ. ಒಪ್ಪಿಗೆ ಆಗದಿದ್ದರೆ ಎದ್ದು ಬರಬಹುದು. ಅಲ್ಲಿ ಆಡಿದ ಮಾತು ಅಲ್ಲಿಗೇ ಉಳಿಯಬೇಕು. ಮಧ್ಯಸ್ಥರು ಕೋರ್ಟಿಗೆ ತಿಳಿಸಬೇಕಾದದ್ದು ಎರಡರಲ್ಲಿ ಒಂದು: ರಾಜಿ ಆಗಿದ್ದರೆ ರಾಜಿಯ ಒಪ್ಪಂದ, ಆಗದಿದ್ದರೆ 'ಆಗಲಿಲ್ಲ' ಎಂಬ ಒಂದು ಸಾಲು. ಯಾರು ಏನು ಹೇಳಿದರು, ಯಾರು ಒಪ್ಪಲಿಲ್ಲ ಎಂದು ಬರೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 2010ರಲ್ಲಿ ಮೋತಿರಾಮ್ ಮತ್ತು ಅಶೋಕ್ ಕುಮಾರ್ ನಡುವಿನ ಪ್ರಕರಣದಲ್ಲಿ ಹೇಳಿದೆ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಮಧ್ಯಸ್ಥಿಕೆ ಎಂದರೆ ಇಬ್ಬರನ್ನೂ ಹೇಗಾದರೂ ಮಾಡಿ ಮತ್ತೆ ಒಂದು ಮಾಡುವುದು ಎಂದು ಬಹಳ ಜನ ತಿಳಿದಿದ್ದಾರೆ. ಒಂದಾದರೆ ಸಂತೋಷವೇ. ಆದರೆ ಬೇರೆಯಾಗುವುದೇ ಖಚಿತವಾದರೆ, ಮಗುವಿನ ಶಾಲೆ, ಮನೆಯ ಸಾಲ, ಒಡವೆ, ಜೀವನಾಂಶ ಇವನ್ನೆಲ್ಲ ಮರ್ಯಾದೆಯಿಂದ ಇತ್ಯರ್ಥ ಮಾಡಿಕೊಳ್ಳುವುದೂ ಮಧ್ಯಸ್ಥಿಕೆಯೇ. ಕೇಸು ಹಾಕಿದ ಮೇಲೆಯೇ ಅಲ್ಲಿಗೆ ಹೋಗಬೇಕೆಂದೂ ಇಲ್ಲ. 2013ರಲ್ಲಿ ಕೆ. ಶ್ರೀನಿವಾಸ ರಾವ್ ಮತ್ತು ಡಿ.ಎ. ದೀಪಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದಾವೆಗೆ ಮುಂಚೆಯೇ ದಂಪತಿಗಳು ಬಂದು ಮಾತಾಡುವ ಏರ್ಪಾಡು ಮಧ್ಯಸ್ಥಿಕೆ ಕೇಂದ್ರಗಳಲ್ಲಿ ಇರಬೇಕು ಎಂದು ಸೂಚಿಸಿತು.

ಈಗ ಒಂದೊಂದೇ ದಾರಿಯನ್ನು ನೋಡೋಣ.

ಮೊದಲನೆಯದು, ನಮಗೆಲ್ಲ ಗೊತ್ತಿರುವ ಹಿರಿಯರ ಪಂಚಾಯಿತಿ. ಎರಡೂ ಕಡೆಯ ನಾಲ್ಕು ಜನ, ಜೊತೆಗೆ ಸಮಾಜದ ಒಬ್ಬರೋ ಕನ್ನಡ ಸಂಘದ ಒಬ್ಬರೋ ಹಿರಿಯರು, ಭಾನುವಾರ ಬೆಳಿಗ್ಗೆ ಯಾರದೋ ಮನೆಯ ಹಾಲಿನಲ್ಲಿ ಸೇರುತ್ತಾರೆ. ಇದಕ್ಕೆ ಫೀಸಿಲ್ಲ, ತಾರೀಖಿಗೆ ಕಾಯಬೇಕಿಲ್ಲ. ಮಾತು ಕನ್ನಡದಲ್ಲೇ ನಡೆಯುತ್ತದೆ, ಬಂದವರಿಗೆ ಇಬ್ಬರ ಸ್ವಭಾವವೂ ಗೊತ್ತಿರುತ್ತದೆ. ಇದರ ಬೆಲೆಯನ್ನು ಕಡಿಮೆ ಎಂದು ನಾನು ಹೇಳುವುದಿಲ್ಲ.

ಆದರೆ ತೊಂದರೆಗಳೂ ಇವೆ. ಹಿರಿಯರು ಬರುವಾಗಲೇ ಒಂದು ಪಕ್ಷ ಹಿಡಿದು ಬಂದಿರುತ್ತಾರೆ. "ಹೊಂದಿಕೊಂಡು ಹೋಗಮ್ಮ" ಎಂಬ ಮಾತು ಒಬ್ಬಳ ಕಡೆಗೆ ಮಾತ್ರ ಹೋಗುತ್ತದೆ. ಗುಟ್ಟಂತೂ ಉಳಿಯುವುದಿಲ್ಲ. ಬೆಳಿಗ್ಗೆ ಮಾಟುಂಗದಲ್ಲಿ ಆಡಿದ ಮಾತು ಸಂಜೆಗೆ ಮಣಿಪಾಲ ಮುಟ್ಟಿರುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಸ್ಟಾಂಪ್ ಪೇಪರಿನದು. ನೂರು ರೂಪಾಯಿಯ ಸ್ಟಾಂಪ್ ಪೇಪರಿನ ಮೇಲೆ "ನಾವಿಬ್ಬರೂ ಇಂದಿನಿಂದ ಬೇರೆ" ಎಂದು ಬರೆದು ನೋಟರಿ ಸಹಿ ಮಾಡಿಸಿದರೆ ವಿಚ್ಛೇದನ ಆಯಿತೆಂದು ಎಷ್ಟೋ ಜನ ನಂಬಿದ್ದಾರೆ. ಹಿಂದೂ ವಿವಾಹ ಕಾಯಿದೆಯಡಿ ಆದ ಮದುವೆ ಹಾಗೆ ಮುರಿಯುವುದಿಲ್ಲ, ಅದಕ್ಕೆ ಕೋರ್ಟಿನ ಡಿಕ್ರಿ ಬೇಕು. ವಿಚ್ಛೇದನದ ರೂಢಿ ಇರುವ ಸಮುದಾಯಗಳಿಗೆ ಕಾಯಿದೆ ಒಂದು ವಿನಾಯಿತಿ ಕೊಟ್ಟಿದೆ ನಿಜ, ಆದರೆ ಪ್ರಶ್ನೆ ಎದ್ದಾಗ ಆ ರೂಢಿ ಇದೆಯೆಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕಾಗುತ್ತದೆ. ಆ ಕಾಗದವನ್ನು ನಂಬಿ ಇನ್ನೊಂದು ಮದುವೆಯಾದರೆ ಮುಂದೆ ಬರುವ ಕಷ್ಟ ಇಬ್ಬರದಲ್ಲ, ಮೂವರದು.

ಹಾಗಾದರೆ ಹಿರಿಯರು ಬೇಡವೆ? ಬೇಕು, ಸಣ್ಣ ಕೆಲಸಕ್ಕೆ ಬೇಕು. ಬಟ್ಟೆಬರೆ, ಸರ್ಟಿಫಿಕೇಟು, ಪಾಸ್‌ಪೋರ್ಟು ವಾಪಸು ಕೊಡಿಸುವುದು, ಈ ತಿಂಗಳ ಶಾಲೆಯ ಫೀಸು ಯಾರು ಕಟ್ಟುವುದು, ಮಗುವನ್ನು ಶನಿವಾರ ಯಾರು ಕರೆದುಕೊಂಡು ಹೋಗುವುದು, ಇಂಥ ತಾತ್ಕಾಲಿಕ ವಿಷಯಗಳಿಗೆ ಅವರಷ್ಟು ಬೇಗ ಕೆಲಸ ಮಾಡುವವರು ಬೇರೆ ಇಲ್ಲ. 'ಸದ್ಯಕ್ಕೆ' ಎಂಬ ಪದವನ್ನು ಸೇರಿಸಿ ಬರೆದಿಡಿ. ಶಾಶ್ವತವಾದ ತೀರ್ಮಾನವನ್ನು ಆ ಹಾಲಿನಲ್ಲಿ ಸಹಿ ಮಾಡಬೇಡಿ.

ಎರಡನೆಯದು, ಕುಟುಂಬ ನ್ಯಾಯಾಲಯದ ಸಮಾಲೋಚಕರು. 1984ರ ಕುಟುಂಬ ನ್ಯಾಯಾಲಯ ಕಾಯಿದೆಯ ಪ್ರಕಾರ, ರಾಜಿಗೆ ಅವಕಾಶ ಕಂಡಲ್ಲಿ ಅದಕ್ಕೆ ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯ. ಮುಂಬಯಿಯವರಿಗೆ ಅದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿದೆ. ಅರ್ಜಿ ಹಾಕಿದ ಮೇಲೆ ಕೋರ್ಟು ನಿಮ್ಮನ್ನು ಸಮಾಲೋಚಕರ ಬಳಿ ಕಳಿಸುತ್ತದೆ. ಇದಕ್ಕೆ ನೀವು ಫೀಸು ಕೊಡಬೇಕಿಲ್ಲ. ಈ ಕೋರ್ಟಿನಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕೆಂದು ಕೇಳುವಂತಿಲ್ಲ, ಕೋರ್ಟಿನ ಅನುಮತಿ ಬೇಕು. ವಿಚಾರಣೆ ಗುಟ್ಟಾಗಿ ನಡೆಯಲಿ ಎಂದು ನಿಮ್ಮಲ್ಲಿ ಒಬ್ಬರು ಕೇಳಿದರೂ ಸಾಕು, ಬಾಗಿಲು ಮುಚ್ಚಿ ನಡೆಸಬೇಕು. ಇದು ಬಹಳ ಜನಕ್ಕೆ ಗೊತ್ತಿಲ್ಲದ ಹಕ್ಕು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಸಮಾಲೋಚನೆ ಮತ್ತು ಮಧ್ಯಸ್ಥಿಕೆ ಎರಡೂ ಒಂದೇ ಅಲ್ಲ. ಮಗು ಯಾರ ಬಳಿ ಇರಬೇಕು ಎಂಬ ಪ್ರಶ್ನೆಯಿದ್ದಾಗ, ಮಗುವಿನ ಜೊತೆ ಮಾತಾಡಿ ವರದಿ ಕೊಡಿ ಎಂದು ಕೋರ್ಟು ಸಮಾಲೋಚಕರನ್ನು ಕೇಳಬಹುದು. ಅಂಥ ವರದಿಯನ್ನು ಗುಟ್ಟೆಂದು ಪಕ್ಕಕ್ಕಿಡಬೇಕಿಲ್ಲ, ಮಗುವಿನ ಹಿತಕ್ಕಾಗಿ ಕೋರ್ಟು ನೋಡಬಹುದು ಎಂದು 2019ರಲ್ಲಿ ಪೆರಿ ಕನ್ಸಾಗ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದ್ದರಿಂದ ಮೊದಲ ದಿನವೇ ಎದುರಿಗೆ ಕೂತವರನ್ನು ವಿನಯದಿಂದ ಕೇಳಿ: "ಇದು ಸಮಾಲೋಚನೆಯೋ ಮಧ್ಯಸ್ಥಿಕೆಯೋ? ಇಲ್ಲಿ ಹೇಳಿದ್ದರಲ್ಲಿ ಯಾವುದು ನ್ಯಾಯಾಧೀಶರಿಗೆ ಹೋಗುತ್ತದೆ?" ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಮೂರನೆಯದು, ನ್ಯಾಯಾಲಯಕ್ಕೆ ಸೇರಿದ ಮಧ್ಯಸ್ಥಿಕೆ ಕೇಂದ್ರ. ಚೆನ್ನೈಯ ಕೇಳುಗರು ಹೆಮ್ಮೆ ಪಡಬಹುದು, 2005ರಲ್ಲಿ ಮದ್ರಾಸ್ ಹೈಕೋರ್ಟಿನ ಆವರಣದಲ್ಲಿ ಇಂಥ ಕೇಂದ್ರ ಆರಂಭವಾಯಿತು. ಅದೇ ವರ್ಷ ದಿಲ್ಲಿಯ ತೀಸ್ ಹಜಾರಿಯಲ್ಲಿ, 2006ರಲ್ಲಿ ದಿಲ್ಲಿ ಹೈಕೋರ್ಟಿನಲ್ಲಿ 'ಸಮಾಧಾನ್' ಹೆಸರಿನಲ್ಲಿ, 2007ರಲ್ಲಿ ಬೆಂಗಳೂರಿನಲ್ಲಿ ಬಂದವು. ಇಲ್ಲಿಯ ಮಧ್ಯಸ್ಥರು ಬಹುಪಾಲು ವಕೀಲರು, 40 ಗಂಟೆಗಳ ತರಬೇತಿ ಪಡೆದವರು. ಮಧ್ಯಸ್ಥರಿಗೆ ನೀವು ಕೈಯಿಂದ ಹಣ ಕೊಡಬೇಕಾದ ಪದ್ಧತಿ ಸಾಮಾನ್ಯವಾಗಿ ಇಲ್ಲ. ಮಾತುಕತೆಯಲ್ಲಿ ಆದ ಒಪ್ಪಂದ ನೇರವಾಗಿ ನ್ಯಾಯಾಧೀಶರ ಮುಂದೆ ಹೋಗಿ ಆದೇಶವಾಗುತ್ತದೆ. ಆಮೇಲೆ ಒಬ್ಬರು ಮಾತು ತಪ್ಪಿದರೆ ಕೋರ್ಟಿನ ಮೂಲಕವೇ ಜಾರಿ ಮಾಡಿಸಬಹುದು. ಅದು ದೊಡ್ಡ ಬಲ.

ಕೊರತೆಯೆಂದರೆ, ಮಧ್ಯಸ್ಥರನ್ನು ಆರಿಸುವುದು ಸಾಮಾನ್ಯವಾಗಿ ಕೇಂದ್ರವೇ ಹೊರತು ನೀವಲ್ಲ. ಕೋರ್ಟಿನ ಸಮಯಕ್ಕೆ ಹೋಗಬೇಕು, ಆಫೀಸಿಗೆ ರಜೆ ಹಾಕಬೇಕು, ಹೊರಗೆ ಬೆಂಚಿನ ಮೇಲೆ ಕಾಯಬೇಕು. ಆದರೂ ಮಹಿಳಾ ಮಧ್ಯಸ್ಥರು ಬೇಕು, ಕನ್ನಡ ಬಲ್ಲವರು ಬೇಕು ಎಂದು ಕೇಳಲು ಅಡ್ಡಿಯಿಲ್ಲ. ಸಿಗಬಹುದು, ಸಿಗದೆಯೂ ಇರಬಹುದು. ಕೇಳದಿದ್ದರಂತೂ ಸಿಗುವುದಿಲ್ಲ.

ನಾಲ್ಕನೆಯದು ಖಾಸಗಿ ಮಧ್ಯಸ್ಥರು. ಇವರನ್ನು ನೀವಿಬ್ಬರೂ ಸೇರಿ ಆರಿಸುತ್ತೀರಿ. ಸಂಜೆ ಏಳಕ್ಕೆ, ಭಾನುವಾರ, ನಿಮ್ಮ ಅನುಕೂಲಕ್ಕೆ ಕೂರಬಹುದು. ಫೀಸು ಗಂಟೆಗಿಷ್ಟು ಅಥವಾ ಒಂದು ಬೈಠಕ್ಕಿಗಿಷ್ಟು. ಮೊದಲೇ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ನಿಮ್ಮ ತರಬೇತಿ ಎಲ್ಲಿ ಆಯಿತು? ಕೌಟುಂಬಿಕ ಪ್ರಕರಣಗಳನ್ನು ನಡೆಸಿದ ಅನುಭವ ಇದೆಯೆ? ನಮ್ಮಲ್ಲಿ ಯಾರಿಗಾದರೂ ಹಿಂದೆ ವಕೀಲರಾಗಿದ್ದಿರಾ? ಫೀಸನ್ನು ಯಾರು ಎಷ್ಟು ಕೊಡಬೇಕು? ಪೂರ್ತಿ ಫೀಸನ್ನು ಒಬ್ಬರೇ ಕೊಡುವುದಾದರೆ ಅದನ್ನು ಮೊದಲೇ ಬರೆದು ಇಬ್ಬರೂ ಒಪ್ಪಿಕೊಳ್ಳಿ. ಇಲ್ಲದಿದ್ದರೆ ಹಣ ಕೊಟ್ಟವರ ಕಡೆ ಮಧ್ಯಸ್ಥರು ವಾಲಿದ್ದಾರೆಂಬ ಅನುಮಾನ ಎರಡನೇ ಬೈಠಕ್ಕಿನಲ್ಲೇ ಬರುತ್ತದೆ. ಇಲ್ಲಿ ಆದ ಒಪ್ಪಂದದಿಂದಲೂ ಮದುವೆ ತಾನಾಗಿ ಕೊನೆಗೊಳ್ಳುವುದಿಲ್ಲ. ಪರಸ್ಪರ ಒಪ್ಪಿಗೆಯ ಅರ್ಜಿಯ ಜೊತೆ ಅದನ್ನು ಕೋರ್ಟಿನ ಮುಂದೆ ಇಡಬೇಕು.

ಲೋಕ ಅದಾಲತ್ ಇದೆಯಲ್ಲ ಎಂದು ನೀವು ಕೇಳಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಡಿ ಅಲ್ಲಿಯ ಇತ್ಯರ್ಥಕ್ಕೆ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಅಪೀಲೂ ಇಲ್ಲ. ಅಪೀಲಿಲ್ಲ ಎನ್ನುವುದನ್ನು ಮರೆಯಬೇಡಿ. ರಾಷ್ಟ್ರೀಯ ಲೋಕ ಅದಾಲತ್‌ನಲ್ಲಿ ಜೀವನಾಂಶದಂಥ ಕೌಟುಂಬಿಕ ವಿಷಯಗಳನ್ನು ತೆಗೆದುಕೊಳ್ಳುತ್ತಾರೆ, ವಿಚ್ಛೇದನವನ್ನು ಬಿಟ್ಟಿದ್ದಾರೆ. ನೂರಾರು ಪ್ರಕರಣಗಳು ಒಂದೇ ದಿನ ಬರುವ ಜಾಗ ಅದು. ಬಹುಪಾಲು ಒಪ್ಪಿಗೆ ಆಗಿರುವ ವಿಷಯಕ್ಕೆ ಮುದ್ರೆ ಒತ್ತಿಸಿಕೊಳ್ಳಲು ಒಳ್ಳೆಯದು. ಮನಸ್ಸಿನಲ್ಲಿರುವುದನ್ನು ನಿಧಾನವಾಗಿ ಹೇಳಿಕೊಳ್ಳಲು ಅಲ್ಲ.

ಇದಿಷ್ಟು ಎಲ್ಲಿ ಎಂಬುದರ ಬಗ್ಗೆ. ಹೇಗೆ ಕೂರಬೇಕು ಎನ್ನುವುದೂ ಅಷ್ಟೇ ಮುಖ್ಯ.

ಇಬ್ಬರೂ ಒಂದೇ ಮೇಜಿನ ಸುತ್ತ ಕೂರುವುದು ಒಂದು ಬಗೆ. ಮಾತು ಬೇಗ ಸಾಗುತ್ತದೆ, ಮಧ್ಯದಲ್ಲಿ ಯಾರೂ ಮಾತನ್ನು ತಿರುಚುವುದಿಲ್ಲ. ಆದರೆ ಒಬ್ಬರ ಕಣ್ಣು ಕಂಡರೆ ಇನ್ನೊಬ್ಬರ ಬಾಯಿ ಕಟ್ಟುವ ಸಂಸಾರಗಳಿವೆ. ಅಂಥವರು ಬೇರೆ ಬೇರೆ ಕೋಣೆಗಳನ್ನು ಕೇಳಬೇಕು. ಮಧ್ಯಸ್ಥರು ಈ ಕೋಣೆಯಿಂದ ಆ ಕೋಣೆಗೆ ಓಡಾಡುತ್ತಾರೆ. ಇದನ್ನು ಆಚೆಯವರಿಗೆ ತಿಳಿಸಬೇಡಿ ಎಂದು ನೀವು ಹೇಳಿದ್ದನ್ನು ತಿಳಿಸುವುದಿಲ್ಲ. ಸಮಯ ಹೆಚ್ಚು ಹಿಡಿಯುತ್ತದೆ, ಆದರೆ ಹೇಳಬೇಕಾದದ್ದನ್ನು ಹೇಳಿ ಮುಗಿಸಬಹುದು.

ವಕೀಲರು ಪಕ್ಕದಲ್ಲಿ ಇರಬೇಕೆ? ಮನೆಯ ಲೆಕ್ಕ, ಬ್ಯಾಂಕು, ಆಸ್ತಿ ಎಲ್ಲ ಇಬ್ಬರಿಗೂ ಸಮನಾಗಿ ಗೊತ್ತಿದ್ದರೆ ವಕೀಲರು ಹೊರಗಿದ್ದು, ಸಹಿ ಮಾಡುವ ಮುಂಚೆ ಓದಿ ನೋಡಿದರೆ ಸಾಕು. ಒಬ್ಬರಿಗೆ ಎಲ್ಲ ಗೊತ್ತು, ಇನ್ನೊಬ್ಬರಿಗೆ ಮನೆಯ ಸಾಲ ಎಷ್ಟಿದೆ ಎಂಬುದೂ ಗೊತ್ತಿಲ್ಲ ಎನ್ನುವಾಗ ಗೊತ್ತಿಲ್ಲದವರ ಪಕ್ಕದಲ್ಲಿ ವಕೀಲರು ಇರಲೇಬೇಕು. ಖರ್ಚಿನ ಚಿಂತೆಯೆ? 1987ರ ಅದೇ ಕಾಯಿದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. 15100 ನಂಬರಿಗೆ ಫೋನ್ ಮಾಡಿದರೆ ಕಾನೂನು ಸೇವೆಗಳ ಪ್ರಾಧಿಕಾರದವರು ದಾರಿ ತೋರಿಸುತ್ತಾರೆ.

ಆನ್‌ಲೈನ್ ಮಾತುಕತೆಯ ವಿಷಯ ಈಗೀಗ ಎಲ್ಲರೂ ಕೇಳುತ್ತಾರೆ. ಕೌಟುಂಬಿಕ ಪ್ರಕರಣಗಳಲ್ಲಿ ರಾಜಿಯ ಹಂತದಲ್ಲಿ ಎದುರುಬದುರು ಕೂರುವುದೇ ಸರಿ, ಆ ಹಂತ ವಿಫಲವಾದ ಮೇಲೆ ಬೇಕಾದರೆ ವಿಡಿಯೋ ಬಳಸಬಹುದು ಎಂದು 2017ರಲ್ಲಿ ಸಂತಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಹೇಳಿತ್ತು. 2020ರಲ್ಲಿ ಕೊರೋನಾ ಬಂದ ಮೇಲೆ ಕೋರ್ಟುಗಳೇ ಪರದೆಯ ಮೇಲೆ ನಡೆದವು. 2023ರ ಮಧ್ಯಸ್ಥಿಕೆ ಕಾಯಿದೆಯಲ್ಲಿ, ಇಬ್ಬರೂ ಬರೆದು ಒಪ್ಪಿಕೊಟ್ಟರೆ ಆನ್‌ಲೈನ್ ಮಧ್ಯಸ್ಥಿಕೆ ನಡೆಸಬಹುದು ಎಂಬ ಸೆಕ್ಷನ್ ಇದೆ. ಕಾಯಿದೆಯ ಎಲ್ಲ ಭಾಗಗಳನ್ನೂ ಒಟ್ಟಿಗೇ ಜಾರಿ ಮಾಡಿಲ್ಲ, ಆದ್ದರಿಂದ ನಿಮ್ಮ ಪ್ರಕರಣಕ್ಕೆ ಯಾವ ಭಾಗ ಅನ್ವಯಿಸುತ್ತದೆ ಎಂದು ವಕೀಲರಲ್ಲಿ ಕೇಳಿಕೊಳ್ಳಿ.

ಒಬ್ಬರು ಪುಣೆಯಲ್ಲಿ, ಒಬ್ಬರು ದಾವಣಗೆರೆಯಲ್ಲಿ ಇದ್ದರೆ ಆನ್‌ಲೈನ್ ದೊಡ್ಡ ಅನುಕೂಲ. ಆದರೆ ಪರದೆಯಲ್ಲಿ ಕಾಣುವುದು ಮುಖ ಮಾತ್ರ. ಕ್ಯಾಮೆರಾದ ಆಚೆ ಅತ್ತೆಯೋ ಅಣ್ಣನೋ ಕೂತು ಕಣ್ಸನ್ನೆ ಮಾಡುತ್ತಿರಬಹುದು. ಕೋಣೆಯಲ್ಲಿ ಬೇರೆ ಯಾರೂ ಇಲ್ಲವೆಂದು, ರೆಕಾರ್ಡ್ ಮಾಡುತ್ತಿಲ್ಲವೆಂದು ಎರಡೂ ಕಡೆಯವರು ಮೊದಲೇ ಒಪ್ಪಿಕೊಳ್ಳಬೇಕು. ಇಯರ್‌ಫೋನ್ ಹಾಕಿಕೊಳ್ಳಿ. ಪಕ್ಕದ ಕೋಣೆಯಲ್ಲಿ ಮಗು ಹೋಂವರ್ಕ್ ಮಾಡುತ್ತಿದ್ದರೆ ಅದು ಮಾತುಕತೆಯ ಸಮಯವಲ್ಲ.

ಈಗ, ನಾಡಿನ ಹೊರಗೆ ಇರುವ ನಮಗೇ ಸೇರಿದ ಒಂದು ಪ್ರಶ್ನೆ. ಭಾಷೆ. ಒಂದು ಸಂಸಾರವನ್ನು ಊಹಿಸಿಕೊಳ್ಳಿ. ಗಂಡ ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ, ಮರಾಠಿ ಹಿಂದಿ ಎರಡೂ ನೀರು ಕುಡಿದಷ್ಟು ಸಲೀಸು. ಹೆಂಡತಿ ಮದುವೆಯಾಗಿ ಕುಮಟೆಯಿಂದ ಬಂದವಳು. ಐದು ವರ್ಷದಲ್ಲಿ ತರಕಾರಿ ಮಾರ್ಕೆಟಿಗೆ, ಶಾಲೆಯ ಮೀಟಿಂಗಿಗೆ ಸಾಕಾಗುವಷ್ಟು ಹಿಂದಿ ಕಲಿತಿದ್ದಾಳೆ. ಆದರೆ ನೋವು ಹೇಳಿಕೊಳ್ಳಲು ಬರುವುದು ಕನ್ನಡ ಒಂದೇ. ಹಿಂದಿಯಲ್ಲೋ ಮರಾಠಿಯಲ್ಲೋ ಮಾತುಕತೆ ನಡೆದರೆ ಆತ ಹತ್ತು ವಾಕ್ಯ ಹೇಳುವಾಗ ಈಕೆ ಒಂದು ಹೇಳುತ್ತಾಳೆ. ಮಧ್ಯಸ್ಥರಿಗೆ ಆತ ಸಮಾಧಾನಿಯಾಗಿ, ಈಕೆ ಹಟಮಾರಿಯಾಗಿ ಕಾಣುತ್ತಾಳೆ. ಯಾರೂ ಮೋಸ ಮಾಡಲಿಲ್ಲ, ಆದರೂ ಅನ್ಯಾಯ ಆಯಿತು. ಇದೇ ಕಥೆ ತಿರುಗುಮುರುಗಾಗಿಯೂ ನಡೆಯುತ್ತದೆ. ಹೈದರಾಬಾದಿಗೆ ಕೆಲಸಕ್ಕೆ ಬಂದ ಗಂಡನಿಗೆ ತೆಲುಗು ಬಾರದೆ, ಅಲ್ಲಿಯೇ ಬೆಳೆದ ಹೆಂಡತಿಯ ಮನೆಯವರ ನಡುವೆ ಆತ ಮೂಕನಾಗಬಹುದು.

ಇದಕ್ಕೆ ಮೂರು ಪರಿಹಾರಗಳಿವೆ. ಕನ್ನಡ ಬಲ್ಲ ಮಧ್ಯಸ್ಥರನ್ನು ಕೇಳುವುದು ಒಂದು. ಸಿಗದಿದ್ದರೆ ದುಭಾಷಿಯನ್ನು ಕೇಳುವುದು ಎರಡು. ಆದರೆ ಆ ದುಭಾಷಿ ಯಾವ ಕಡೆಯ ನೆಂಟರೂ ಆಗಿರಬಾರದು. ಮೂರನೆಯದು ಜಾಗವನ್ನೇ ಆರಿಸಿಕೊಳ್ಳುವುದು. ಹಿಂದೂ ವಿವಾಹ ಕಾಯಿದೆಯ ಪ್ರಕಾರ ಅರ್ಜಿಯನ್ನು ಮದುವೆ ನಡೆದ ಊರಿನಲ್ಲಿ, ಎದುರು ಪಕ್ಷದವರು ಇರುವಲ್ಲಿ, ಇಲ್ಲವೆ ಇಬ್ಬರೂ ಕೊನೆಗೆ ಒಟ್ಟಿಗೆ ಇದ್ದಲ್ಲಿ ಹಾಕಬಹುದು. ಹೆಂಡತಿ ಅರ್ಜಿದಾರಳಾದರೆ ಆಕೆ ಈಗ ಇರುವ ಊರಿನಲ್ಲೂ ಹಾಕಬಹುದು, ಈ ಅನುಕೂಲ 2003ರ ತಿದ್ದುಪಡಿಯಿಂದ ಬಂದದ್ದು. ಮದುವೆ ಕುಮಟೆಯಲ್ಲಿ ಆಗಿದ್ದು ಸಂಸಾರ ಡೊಂಬಿವಲಿಯಲ್ಲಿ ನಡೆದಿದ್ದರೆ ನಿಮಗೆ ಆಯ್ಕೆ ಇದೆ ಎಂದಾಯಿತು. ಇಬ್ಬರೂ ಒಪ್ಪಿದರೆ ಮಾತು ಕನ್ನಡದಲ್ಲಿ ನಡೆಯುವ ಜಾಗವನ್ನೇ ಆರಿಸಿಕೊಳ್ಳಬಹುದು. ಜಾಗ ಯಾವುದೇ ಇರಲಿ, ಒಪ್ಪಂದದ ಕರಡನ್ನು ಕನ್ನಡದಲ್ಲಿ ಓದಿಸಿ ಹೇಳಿಸಿಕೊಳ್ಳದೆ ಸಹಿ ಮಾಡಬೇಡಿ.

ಕೆಲವು ಮನೆಗಳಿಗೆ ಮಧ್ಯಸ್ಥಿಕೆ ಮೊದಲ ಹೆಜ್ಜೆಯಲ್ಲ ಎನ್ನುವುದನ್ನೂ ಹೇಳಲೇಬೇಕು. ಹೊಡೆತ, ಬೆದರಿಕೆ, ಹಣಕಾಸಿನ ಕಟ್ಟುಪಾಡು ಇದ್ದ ಕಡೆ ಮೊದಲು ಬೇಕಾದದ್ದು ರಕ್ಷಣೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆಯಡಿ ಮ್ಯಾಜಿಸ್ಟ್ರೇಟರಿಂದ ರಕ್ಷಣಾ ಆದೇಶ, ಮನೆಯಲ್ಲಿ ಇರುವ ಹಕ್ಕು, ತಾತ್ಕಾಲಿಕ ಹಣ ಪಡೆಯಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಆಮೇಲೆ ಮಾತುಕತೆ ಬೇಕೆನಿಸಿದರೆ ಬೇರೆ ಕೋಣೆ, ಬರುವ ಹೋಗುವ ಸಮಯವೂ ಬೇರೆ, ಪಕ್ಕದಲ್ಲಿ ವಕೀಲರು, ಈ ಮೂರು ಇರಲಿ. ಹಿಂದೆ 498ಎ ಎಂದು ಕರೆಯುತ್ತಿದ್ದ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್ ಆಗಿರುವ ಕ್ರಿಮಿನಲ್ ಕೇಸು ಇದ್ದರೆ, ಇಬ್ಬರೂ ರಾಜಿಯಾದರೂ ಅದು ತಾನಾಗಿ ಮುಗಿಯುವುದಿಲ್ಲ, ಸಾಮಾನ್ಯವಾಗಿ ಹೈಕೋರ್ಟಿನ ಮೂಲಕ ಮುಗಿಸಬೇಕು. ಒಪ್ಪಂದದಲ್ಲಿ ಅದಕ್ಕೂ ಒಂದು ಸಾಲು ಬೇಕು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಇನ್ನೊಂದು ಗಾದೆ ನಿಮಗೆ ಗೊತ್ತೇ ಇದೆ. ಮಗುವನ್ನು ಮಾತುಕತೆಯ ಕೋಣೆಗೆ ಕರೆದು "ನಿನಗೆ ಅಪ್ಪ ಬೇಕೋ ಅಮ್ಮ ಬೇಕೋ" ಎಂದು ಯಾರೂ ಕೇಳದಿರಲಿ. ಕೇಳಲೇಬೇಕಾದರೆ ಮಕ್ಕಳೊಡನೆ ಮಾತಾಡಲು ಕಲಿತ ಸಮಾಲೋಚಕರು ಬೇರೆಯಾಗಿ ಕೂತು ಕೇಳಲಿ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು, ಎಲ್ಲಕ್ಕಿಂತ ಮಗುವಿನ ಹಿತವೇ ದೊಡ್ಡದು ಎನ್ನುತ್ತದೆ 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯಿದೆ. ಒಪ್ಪಂದದಲ್ಲಿ ದೊಡ್ಡ ಮಾತುಗಳಿಗಿಂತ ಸಣ್ಣ ವಿವರಗಳು ಮುಖ್ಯ. ಬೇಸಿಗೆ ರಜೆಯಲ್ಲಿ ಯಾವ ಅಜ್ಜಿಯ ಮನೆ? ದಸರಾ ಯಾರ ಜೊತೆ? ಶಾಲೆಯ ಫೀಸು ಯಾವ ತಾರೀಖಿನೊಳಗೆ? ಪಾಸ್‌ಪೋರ್ಟು ಯಾರ ಬಳಿ? ಮಗು ಬೆಳೆದಂತೆ ಇವು ಬದಲಾಗಬೇಕಾಗಬಹುದು. ಕೋರ್ಟೂ ಅದನ್ನು ಒಪ್ಪುತ್ತದೆ.

ಯಾವ ದಾರಿ ಹಿಡಿದರೂ ಕಾಗದಪತ್ರ ಸಿದ್ಧವಿರಲಿ. 2020ರಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಅಫಿಡವಿಟ್ ಕೊಡಬೇಕೆಂದು ಹೇಳಿ ಅದರ ನಮೂನೆಯನ್ನೂ ಕೊಟ್ಟಿತು. ಕೋರ್ಟಿಗೆ ಹೋಗದಿದ್ದರೂ ಆ ನಮೂನೆಯನ್ನು ಇಬ್ಬರೂ ತುಂಬಿ ಮೇಜಿನ ಮೇಲೆ ಇಟ್ಟರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಸಂಬಳದ ಚೀಟಿ, ಮನೆಯ ಸಾಲದ ಲೆಕ್ಕ, ಪಿ.ಎಫ್., ಸೊಸೈಟಿಯ ಷೇರ್ ಸರ್ಟಿಫಿಕೇಟು, ಒಡವೆಗಳ ಪಟ್ಟಿ. ತವರಿನಿಂದ ಬಂದ ಒಡವೆ, ಮದುವೆಯಲ್ಲಿ ಹೆಣ್ಣಿಗೆ ಬಂದ ಉಡುಗೊರೆ ಸ್ತ್ರೀಧನ. ಅದು ಆಕೆಯದೇ ಎಂದು 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ಅದನ್ನು ಚೌಕಾಸಿಯ ವಸ್ತು ಮಾಡುವಂತಿಲ್ಲ.

ಸಮಯದ ಲೆಕ್ಕವೂ ತಿಳಿದಿರಲಿ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯಿದೆಯ 13ಬಿ ಸೆಕ್ಷನ್ ಪ್ರಕಾರ ಅರ್ಜಿಗೆ ಮುಂಚೆ ಕನಿಷ್ಠ 1 ವರ್ಷ ಬೇರೆಯಾಗಿ ಇರಬೇಕು. ಒಂದೇ ಸೂರಿನ ಕೆಳಗೆ ಇದ್ದರೂ ಗಂಡ ಹೆಂಡಿರಾಗಿ ಬಾಳದಿದ್ದರೆ ಅದೂ ಬೇರೆ ಇದ್ದಂತೆಯೇ. ಅರ್ಜಿ ಹಾಕಿದ ಮೇಲೆ 6 ತಿಂಗಳು ಕಾಯಬೇಕು. ಎಲ್ಲವೂ ಇತ್ಯರ್ಥವಾಗಿ ಕಾಯುವುದರಿಂದ ಸಂಕಟ ಬಿಟ್ಟರೆ ಬೇರೇನೂ ಇಲ್ಲ ಎನ್ನುವಂಥ ಕೆಲವು ಪ್ರಕರಣಗಳಲ್ಲಿ ಈ ಅವಧಿಯನ್ನು ಕೋರ್ಟು ಬಿಟ್ಟುಕೊಡಬಹುದು ಎಂದು 2017ರಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ತೀರ್ಪು ಬಂತು. ಡಿಕ್ರಿ ಆಗುವ ತನಕ ಒಬ್ಬರು ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು ಎಂದು 1991ರಲ್ಲೇ ಸುರೇಷ್ಟಾ ದೇವಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ಆದ್ದರಿಂದ ದೊಡ್ಡ ಮೊತ್ತವನ್ನು ಒಂದೇ ಸಲ ಕೊಡದೆ, ಮೊದಲ ಅರ್ಜಿಗೆ ಇಷ್ಟು, ಕೊನೆಯ ಹಂತಕ್ಕೆ ಇಷ್ಟು ಎಂದು ಕಂತು ಮಾಡುವುದು ರೂಢಿಯಲ್ಲಿದೆ. ವಿಶೇಷ ವಿವಾಹ ಕಾಯಿದೆ, ಕ್ರೈಸ್ತ, ಮುಸ್ಲಿಂ ಕಾನೂನುಗಳಡಿ ಆದ ಮದುವೆಗಳಿಗೆ ನಿಯಮಗಳು ಬೇರೆ, ಆದರೆ ಕೂತು ಮಾತಾಡುವ ದಾರಿಗಳು ಹೆಚ್ಚುಕಡಿಮೆ ಇವೇ.

ಇಷ್ಟೆಲ್ಲ ಕೇಳಿದ ಮೇಲೆ, ಯಾವುದನ್ನು ಆರಿಸಬೇಕು ಎಂದು ಒಂದೇ ಮಾತಿನಲ್ಲಿ ಹೇಳಿ ಎನ್ನುತ್ತೀರಿ. ಬೇಗ ಆಗುವುದನ್ನಲ್ಲ, ಅಗ್ಗವಾದುದನ್ನೂ ಅಲ್ಲ. ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ: "ಈ ಜಾಗದಲ್ಲಿ, ಇವರ ಮುಂದೆ, ಈ ಭಾಷೆಯಲ್ಲಿ ನಾನು 'ಇದು ನನಗೆ ಒಪ್ಪಿಗೆ ಇಲ್ಲ' ಎಂದು ಹೇಳಬಲ್ಲೆನೆ? ಹೇಳಿ ಸುರಕ್ಷಿತವಾಗಿ ಮನೆಗೆ ಹೋಗಬಲ್ಲೆನೆ?" ಹೌದು ಎಂದಾದರೆ ಆ ಜಾಗ ನಿಮಗೆ ಸರಿ. ಇಲ್ಲ ಎಂದಾದರೆ ಜಾಗ ಬದಲಿಸಿ, ಇಲ್ಲವೆ ಕೂರುವ ರೀತಿ ಬದಲಿಸಿ. 'ಇಲ್ಲ' ಎನ್ನಲು ಆಗದ ಕಡೆ ಹೇಳಿದ 'ಹೂಂ' ಒಪ್ಪಿಗೆಯಲ್ಲ.

ಕೈ ಮೇಲಾಗಿರುವವರಿಗೂ ಒಂದು ಮಾತು. ನಿಮ್ಮವರೇ ತುಂಬಿದ ಹಾಲಿನಲ್ಲಿ, ನಿಮಗೆ ಬರುವ ಭಾಷೆಯಲ್ಲಿ, ನಿಮ್ಮ ಷರತ್ತಿನ ಮೇಲೆ ಸಹಿ ಮಾಡಿಸಿಕೊಂಡರೆ ಗೆದ್ದೆವು ಅನ್ನಿಸಬಹುದು. ಆದರೆ ಹಾಗೆ ಪಡೆದ ಒಪ್ಪಿಗೆಯೇ ಆರು ತಿಂಗಳ ನಡುವೆ ಹಿಂದಕ್ಕೆ ಹೋಗುತ್ತದೆ. ಮತ್ತೆ ಮೊದಲಿನಿಂದ ಕೇಸು, ಮತ್ತೆ ತಾರೀಖು. ಎದುರಿನವರಿಗೆ ಬಾಯಿ ಬರುವ ಜಾಗವನ್ನು ನೀವೇ ಮುಂದಾಗಿ ಸೂಚಿಸಿದರೆ ಅಲ್ಲಿ ಆದ ಒಪ್ಪಂದ ಬಾಳುತ್ತದೆ. ಮಗುವಿನ ಶಾಲೆಯ ವಾರ್ಷಿಕೋತ್ಸವದಲ್ಲಿ ಇನ್ನೂ ಹತ್ತು ವರ್ಷ ನೀವಿಬ್ಬರೂ ಒಂದೇ ಸಾಲಿನಲ್ಲಿ ಕೂರಬೇಕಾಗುತ್ತದೆ ಎನ್ನುವುದು ನೆನಪಿರಲಿ.

ಊರಿನಿಂದ ಫೋನು ಮಾಡುವ ಹಿರಿಯರಲ್ಲಿ ಕೊನೆಯದಾಗಿ ಒಂದು ಪ್ರಾರ್ಥನೆ. ಕೂತು ಮಾತಾಡಿ ಎಂದು ಹೇಳಿದ ಮೇಲೆ "ಎಲ್ಲಿ ಕೂತರೆ ನಿನಗೆ ಮಾತಾಡಲು ಆಗುತ್ತದೆ?" ಎಂದೂ ಕೇಳಿ, ಮಗನನ್ನೂ ಕೇಳಿ, ಸೊಸೆಯನ್ನೂ ಕೇಳಿ. ಅವರು ಹೇಳುವ ಉತ್ತರವನ್ನು ಒಪ್ಪಿಕೊಳ್ಳಿ.